ಹಿತ್ತಿಲಲ್ಲಿ ಗ್ರಿಲ್ ಇದ್ದೂ ಒಳಗೆ ಅವನ್ ಹಚ್ಚುವವರಿಗೆ ಒಂದು ಬಹಿರಂಗ ಪತ್ರ

ಅಮೆರಿಕದಲ್ಲಿ ಮನೆ ಮಾಡಿರುವ ಕನ್ನಡ ಬಂಧುಗಳೇ,

ಈ ಪತ್ರವನ್ನು ಜುಲೈ ತಿಂಗಳ ಟೆಕ್ಸಸ್‌ನಿಂದ ಬರೆಯುತ್ತಿದ್ದೇನೆ. ಡಾಲಸ್ ಕಡೆ ಈ ದಿನಗಳಲ್ಲಿ ಮಧ್ಯಾಹ್ನದ ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಯಾರೂ ಹುಬ್ಬೇರಿಸುವುದಿಲ್ಲ. ಊರಿನ ಲೆಕ್ಕದಲ್ಲಿ ಅದು 38 ಡಿಗ್ರಿ. ಏಸಿ ಹಗಲೂ ರಾತ್ರಿ ದುಡಿಯುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ಅದೇ ಮನೆಯೊಳಗೆ ಅವನ್ನನ್ನು 425ಕ್ಕೆ ಕಾಯಿಸಿ, ಟ್ರೇ ತುಂಬ ಕೋಳಿ ತುಂಡು ಜೋಡಿಸಿ ಒಳಗೆ ತಳ್ಳುತ್ತೇವೆ. ಅವನ್ ಕೊಟ್ಟ ಕಾವನ್ನು ಹೊರಗೆ ಹಾಕಲು ಏಸಿಗೆ ಮತ್ತೆ ದುಡ್ಡು ಸುರಿಯುತ್ತೇವೆ. ಹಿತ್ತಿಲಲ್ಲಿ ಮಾತ್ರ ಮುಚ್ಚಳವಿರುವ ಒಳ್ಳೆಯ ಗ್ರಿಲ್ ಒಂದು ಕಪ್ಪು ಹೊದಿಕೆ ಹೊದ್ದು ನಿಂತಿರುತ್ತದೆ. ವರ್ಷಕ್ಕೊಮ್ಮೆ, ಜುಲೈ 4ರಂದು, ಅದರ ಮೇಲೆ ಬರ್ಗರ್ ಸುಟ್ಟು ಮತ್ತೆ ಮುಚ್ಚುತ್ತೇವೆ.

ನಾನು ಕೇಳಿಕೊಳ್ಳುವುದು ಇಷ್ಟೇ: ಈ ಬೇಸಿಗೆಯಲ್ಲಿ ಒಂದು ಇಡೀ ಕೋಳಿಯನ್ನು ಹೊರಗೆ, ಹೊಗೆಯಲ್ಲಿ ಬೇಯಿಸಿ. ಬೇಸಿಗೆಯಲ್ಲಿ ಇದಕ್ಕಿಂತ ಸುಲಭದ ಊಟ ನನಗೆ ಗೊತ್ತಿಲ್ಲ.

ಹೊಗೆಯ ಅಡುಗೆ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವುದು ಬ್ರಿಸ್ಕೆಟ್ ಎಂದು ಬಲ್ಲೆ. ಟೆಕ್ಸಸ್‌ನಲ್ಲಿ ಅದೇ ದೊರೆ. ರಾತ್ರಿಯಿಡೀ ಎದ್ದು ಸೌದೆ ಹಾಕುವುದು, ಹನ್ನೆರಡು ಹದಿನಾಲ್ಕು ಗಂಟೆ ಕಾಯುವುದು, ದಾರಿಯಲ್ಲಿ ಹಾಳಾದರೆ ನೂರು ಡಾಲರ್‌ಗೆ ಹತ್ತಿರದ ಮಾಂಸ ಮಣ್ಣುಪಾಲಾಗುವುದು. ಅದನ್ನು ನೋಡಿದವರು ಇದು ನಮ್ಮ ಕೈಲಾಗದ ಕೆಲಸ ಎಂದು ಬಿಟ್ಟುಬಿಡುವುದು ಸಹಜ. ಆದರೆ ದನದ ಎದೆಯ ಮಾಂಸ ಅಷ್ಟು ಹೊತ್ತು ಕೇಳುವುದಕ್ಕೆ ಕಾರಣವಿದೆ. ಅದರ ನಾರಿನಲ್ಲಿರುವ ಕೊಲಾಜನ್ ಕರಗಿ ಮೆತ್ತಗಾಗಬೇಕಾದರೆ ಕಡಿಮೆ ಕಾವಿನಲ್ಲಿ ಗಂಟೆಗಟ್ಟಲೆ ಕೂರಬೇಕು. ಅಂಗಡಿಯ ಕೋಳಿಯಾದರೋ ಆರೆಂಟು ವಾರದ ಎಳೆಯ ಹಕ್ಕಿ. ಅದರಲ್ಲಿ ಕರಗಿಸಬೇಕಾದ ಗಟ್ಟಿ ನಾರೇ ಇಲ್ಲ. ನಾಲ್ಕು ಪೌಂಡಿನ ಕೋಳಿ ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಬೆಂದು ಇಳಿಯುತ್ತದೆ. ಸಂಜೆ ಐದಕ್ಕೆ ಕೆಂಡ ಮಾಡಿದರೆ ಏಳೂವರೆಗೆ ಊಟ.

ಇನ್ನೊಂದು ಅಡ್ಡಿ ಇದೆ. ಅದರ ಬಗ್ಗೆ ನನಗೆ ಬೇಸರವೂ ಇದೆ. ಇಲ್ಲಿಗೆ ಬಂದ ಮೇಲೆ ನಾವು ಮೂಳೆಯಿಲ್ಲದ, ಚರ್ಮವಿಲ್ಲದ ಎದೆಮಾಂಸಕ್ಕೆ ಒಗ್ಗಿಹೋಗಿದ್ದೇವೆ. ಇಡೀ ಕೋಳಿ ಎಂದರೆ ಕೈ ಹಿಂದೆಗೆಯುತ್ತೇವೆ. ನಾವು ಹುಟ್ಟಿ ಬೆಳೆದ ಊರುಗಳಲ್ಲಿ ಹೀಗಿರಲಿಲ್ಲ. ನಾಟಿ ಕೋಳಿಯ ಪುಕ್ಕ ತರಿದು, ಮೈಗೆ ಅರಿಶಿನ ಸವರಿ, ಹುಲ್ಲಿನ ಉರಿಯ ಮೇಲೆ ತಿರುಗಿಸಿ ತಿರುಗಿಸಿ ಸುಟ್ಟು, ಆಮೇಲೆ ಕೊಯ್ಯುತ್ತಿದ್ದರು. ಚರ್ಮ ತೆಗೆಯುವ ಮಾತೇ ಇರಲಿಲ್ಲ. ಸಾರಿನ ರುಚಿಯೇ ಆ ಸುಟ್ಟ ಚರ್ಮದಲ್ಲಿ, ಮೂಳೆಯಲ್ಲಿ. ಈಗ ಆ ಎರಡನ್ನೂ ಕಾರ್ಖಾನೆಯಲ್ಲೇ ಬಿಟ್ಟು, ಉಳಿದ ಸಪ್ಪೆ ಮಾಂಸಕ್ಕೆ ಪೌಂಡಿಗೆ ಹೆಚ್ಚು ಬೆಲೆ ಕೊಟ್ಟು ತರುತ್ತೇವೆ. ಅದು ಒಣಗಿ ಹೋಗುತ್ತದೆ ಎಂದು ಮತ್ತೆ ಮಸಾಲೆ, ಮೊಸರು, ಕ್ರೀಮ್ ಸುರಿಯುತ್ತೇವೆ. ಇಡೀ ಕೋಳಿಯಲ್ಲಿ ಚರ್ಮ ಮತ್ತು ಮೂಳೆ ಮಾಂಸವನ್ನು ಕಾಯುತ್ತವೆ, ಹೊಗೆಯ ಬಣ್ಣ ಹಿಡಿಯುವುದೂ ಚರ್ಮವೇ.

ಹೊಗೆಯ ಬಗ್ಗೆ ಒಂದು ಮಾತನ್ನು ಮೊದಲೇ ಹೇಳಬೇಕು. ನಮ್ಮ ಅಜ್ಜಿಯರ ಕಣ್ಣು, ಶ್ವಾಸಕೋಶ ಕೆಡಿಸಿದ್ದು ಇದೇ ಹೊಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಶುರುಮಾಡಿದ ‘ಅಸ್ತ್ರ’ ಕೇಂದ್ರದಿಂದಲೇ ಅಸ್ತ್ರ ಒಲೆ ಬಂದದ್ದು. ಕಡಿಮೆ ಸೌದೆಯಲ್ಲಿ ಮೂರು ಪಾತ್ರೆ ಬೇಯಿಸಿ, ಹೊಗೆಯನ್ನು ಕೊಳವೆಯ ಮೂಲಕ ಸೂರಿನಾಚೆ ಕಳಿಸುವ ಒಲೆ ಅದು. ಅದನ್ನು ಕಟ್ಟಿಸಿಕೊಂಡ ಮನೆಗಳ ಹೆಂಗಸರಿಗೆ ಹೊಗೆ ಹೋದದ್ದು ಎಂಥ ಬಿಡುಗಡೆ ಎಂದು ತಿಳಿದವಳಾಗಿ ಹೇಳುತ್ತೇನೆ, ಹೊಗೆಯ ಜಾಗ ಮನೆಯ ಹೊರಗೆ, ಬಯಲಿನಲ್ಲಿ. ಹಾಗೆಯೇ ಇದು ದಿನದ ಅಡುಗೆಯಲ್ಲ, ವಾರಾಂತ್ಯದ್ದು. ಹೊಗೆಯಲ್ಲಿ, ಕೆಂಡದ ಮೇಲೆ ಬಿದ್ದು ಉರಿಯುವ ಕೊಬ್ಬಿನಲ್ಲಿ ಮೈಗೆ ಒಗ್ಗದ ಸಂಯುಕ್ತಗಳಿರುತ್ತವೆ. ಕೋಳಿಯನ್ನು ಕೆಂಡದ ನೇರಕ್ಕೆ ಇಡದೆ ಪಕ್ಕಕ್ಕೆ ಇಡುವುದರಿಂದ ಕೊಬ್ಬು ಕೆಂಡಕ್ಕೆ ಬೀಳದು, ಆ ಮಟ್ಟಿಗೆ ಇದು ಸುಡುವುದಕ್ಕಿಂತ ಮೇಲು. ಆದರೂ ಪ್ರತಿದಿನ ತಿನ್ನಿ ಎಂದು ನಾನು ಹೇಳಲಾರೆ.

ಬೇರೆ ಸ್ಮೋಕರ್ ಕೊಳ್ಳಬೇಕಿಲ್ಲ. ಷಿಕಾಗೋದ ವೆಬರ್ ಬ್ರದರ್ಸ್ ಲೋಹದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಜಾರ್ಜ್ ಸ್ಟೀಫನ್ 1952ರಲ್ಲಿ, ನೀರಿನ ಮೇಲೆ ತೇಲುವ ಬೋಯೆಗಾಗಿ ಮಾಡುತ್ತಿದ್ದ ಲೋಹದ ಗೋಳವನ್ನು ನಡುವೆ ಕತ್ತರಿಸಿ, ಕೆಳಗಿನ ಅರ್ಧಕ್ಕೆ ಮೂರು ಕಾಲು, ಮೇಲಿನ ಅರ್ಧಕ್ಕೆ ಹಿಡಿ ಜೋಡಿಸಿದ. ತೆರೆದ ಗ್ರಿಲ್‌ಗಳಲ್ಲಿ ಗಾಳಿ ಮಳೆಗೆ ಅಡುಗೆ ಕೆಡುತ್ತಿದ್ದುದು ಅವನಿಗೆ ಸಾಕಾಗಿತ್ತು. ಆ ಮುಚ್ಚಳ ಮತ್ತು ಗಾಳಿಕಿಂಡಿಯೇ ಇವತ್ತಿಗೂ ನಮಗೆ ಬೇಕಾದ ಸಲಕರಣೆ. ಮುಚ್ಚಳ ಹಾಕಿದ ಕೆಟಲ್ ಗ್ರಿಲ್ ಒಲೆಯೂ ಹೌದು, ಹೊಗೆಗೂಡೂ ಹೌದು.

ಹಿಂದಿನ ರಾತ್ರಿ ಹತ್ತು ನಿಮಿಷದ ಕೆಲಸ. ಕೋಳಿಯನ್ನು ನಲ್ಲಿಯಡಿ ತೊಳೆಯಬೇಡಿ. ಊರಿನ ಅಭ್ಯಾಸ ಬಿಡುವುದು ಕಷ್ಟ, ಆದರೆ ತೊಳೆಯುವಾಗ ಸಿಡಿಯುವ ಹನಿಗಳಿಂದ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಸಿಂಕಿಗೂ ಪಕ್ಕದ ಕೊತ್ತಂಬರಿ ಸೊಪ್ಪಿಗೂ ಹರಡುತ್ತವೆ ಎಂದು ಇಲ್ಲಿನ ಕೃಷಿ ಇಲಾಖೆ ವರ್ಷಗಳಿಂದ ಎಚ್ಚರಿಸುತ್ತಿದೆ. ಅವುಗಳನ್ನು ಕೊಲ್ಲುವುದು ಕಾವು, ನೀರಲ್ಲ. ಕಾಗದದ ಟವೆಲ್‌ನಿಂದ ಒಳಗೂ ಹೊರಗೂ ಒತ್ತಿ ಒರೆಸಿ. ನಾಲ್ಕು ಪೌಂಡಿಗೆ, ಅಂದರೆ 1.8 ಕಿಲೋಗೆ, 20ರಿಂದ 22 ಗ್ರಾಂ ಉಪ್ಪು ಸಾಕು. ಪೊಟ್ಟಣದ ಮೇಲೆ ಉಪ್ಪುನೀರು ಸೇರಿಸಿದೆ ಎಂದು ಬರೆದಿದ್ದರೆ ಇದರ ಅರ್ಧ. ಎದೆಯ ಕಡೆಯ ಚರ್ಮದಡಿ ಬೆರಳು ತೂರಿಸಿ ಅಲ್ಲೂ ಸ್ವಲ್ಪ ಹಚ್ಚಿ. ಆಮೇಲೆ ಮುಚ್ಚದೆ, ಫ್ರಿಜ್‌ನ ಕೆಳಗಿನ ಅಂಕಣದಲ್ಲಿ ತಟ್ಟೆಯ ಮೇಲಿಡಿ. ಬೆಳಗಾಗುವುದರೊಳಗೆ ಉಪ್ಪು ಒಳಗಿಳಿದಿರುತ್ತದೆ, ಚರ್ಮ ಒಣಗಿರುತ್ತದೆ.

ಇಲ್ಲಿ ನಿಮ್ಮಲ್ಲಿ ಹಲವರೊಂದಿಗೆ ನನ್ನ ಜಗಳ ಶುರುವಾಗುತ್ತದೆ. ಶುಂಠಿ ಬೆಳ್ಳುಳ್ಳಿ ಪೇಸ್ಟು, ಮೊಸರು, ಖಾರದಪುಡಿ ಕಲಸಿ ಕೋಳಿಯನ್ನು ಮುಳುಗಿಸುವುದು ನಮ್ಮ ಕೈಗೆ ಬಂದ ಕೆಲಸ. ಕುಂದಾಪುರದ ಘೀ ರೋಸ್ಟ್ ಮಾಡುವಾಗ ಅದು ಸರಿ; ಅಲ್ಲಿ ಮಸಾಲೆಯೇ ನಾಯಕ. ಇಲ್ಲಿ ಅದು ಮೋಸ ಮಾಡುತ್ತದೆ. ಒದ್ದೆ ಮಸಾಲೆಯ ದಪ್ಪ ಪದರ ಹೊಗೆಯನ್ನು ತಾನೇ ಹೀರಿ ಚರ್ಮಕ್ಕೆ ಬಿಡುವುದಿಲ್ಲ. ಚರ್ಮ ಒಣಗಲೂ ಬಿಡದೆ ರಬ್ಬರಿನಂತಾಗಿಸುತ್ತದೆ. ಮೊದಲ ಸಲ ಉಪ್ಪು, ಜಜ್ಜಿದ ಕಾಳುಮೆಣಸು, ತುಸು ಎಣ್ಣೆ, ಇಷ್ಟಕ್ಕೇ ನಿಲ್ಲಿಸಿ. ಕೈ ಕೇಳುವುದೇ ಇಲ್ಲವೆಂದರೆ ಬ್ಯಾಡಗಿ ಮೆಣಸಿನಕಾಯಿಯ ಒಣ ಪುಡಿಯನ್ನು ತೆಳ್ಳಗೆ ಸವರಿ. ಖಾರ ಕಡಿಮೆ, ಬಣ್ಣ ಹೆಚ್ಚು, ಹೊಗೆಗೆ ಹೊಂದುತ್ತದೆ. ಉಳಿದ ಖಾರವನ್ನೆಲ್ಲ ಚಟ್ನಿಗೆ ಇಟ್ಟುಕೊಳ್ಳಿ.

ಬೆಂಕಿಯ ವಿಷಯಕ್ಕೆ ಬರೋಣ. ಇದ್ದಿಲು ಹೊತ್ತಿಸಲು ಸೀಮೆಎಣ್ಣೆ ವಾಸನೆಯ ದ್ರವ ಬೇಡ. ಚಿಮಣಿ ಸ್ಟಾರ್ಟರ್ ಎಂಬ ತಗಡಿನ ಕೊಳವೆ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಕೆಳಗೆ ಹಳೆಯ ಪತ್ರಿಕೆ ಮುದುಡಿ ಇಟ್ಟು ಹಚ್ಚಿದರೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಮೇಲಿನ ಇದ್ದಿಲಿಗೂ ಬೂದಿ ಮುಸುಕುತ್ತದೆ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿಸಿದರೆ ಸಾಕು. ಕೆಂಡವನ್ನೆಲ್ಲ ಗ್ರಿಲ್‌ನ ಒಂದು ಬದಿಗೆ ಸುರಿಯಿರಿ. ಇನ್ನೊಂದು ಬದಿಯಲ್ಲಿ ನೀರು ಹಾಕಿದ ಅಲ್ಯೂಮಿನಿಯಂ ತಟ್ಟೆ, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಕೋಳಿ, ಎದೆ ಮೇಲ್ಮುಖ, ಕಾಲು ಕೆಂಡದ ಕಡೆಗೆ. ತೊಡೆಯ ಮಾಂಸಕ್ಕೆ ಹೆಚ್ಚು ಕಾವು ಬೇಕು, ಎದೆಗೆ ಕಡಿಮೆ. ಈ ದಿಕ್ಕು ಎರಡನ್ನೂ ಒಟ್ಟಿಗೆ ದಡ ಸೇರಿಸುತ್ತದೆ. ಮುಚ್ಚಳದ ಗಾಳಿಕಿಂಡಿ ಕೋಳಿಯ ನೆತ್ತಿಗೆ ಬರುವಂತೆ ಮುಚ್ಚಿದರೆ ಹೊಗೆ ಅದನ್ನು ಸವರಿಕೊಂಡೇ ಹೊರಗೆ ಹೋಗುತ್ತದೆ.

ಒಳಗಿನ ಕಾವು 300ರಿಂದ 325 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 150–160 ಸೆಲ್ಸಿಯಸ್ ಇರಲಿ. ಬ್ರಿಸ್ಕೆಟ್ ಮಾಡುವವರು ಹೇಳುವ 225ನ್ನು ಕೋಳಿಗೆ ತರಬೇಡಿ. ಅಷ್ಟು ಕಡಿಮೆ ಕಾವಿನಲ್ಲಿ ಚರ್ಮದಡಿಯ ಕೊಬ್ಬು ಕರಗಿ ಇಳಿಯದು, ಚರ್ಮ ಹಲ್ಲಿಗೆ ಸಿಕ್ಕಿಕೊಂಡು ಜಗ್ಗುತ್ತದೆ, ಬೇಯುವ ಹೊತ್ತೂ ಎರಡರಷ್ಟಾಗುತ್ತದೆ. ಕಾವು ಏರಿದರೆ ಕೆಳಗಿನ ಕಿಂಡಿಯನ್ನು ಸ್ವಲ್ಪ ಮುಚ್ಚಿ, ಇಳಿದರೆ ತೆರೆಯಿರಿ. ಮೇಲಿನದು ತೆರೆದೇ ಇರಲಿ. ಮತ್ತೆ ಮತ್ತೆ ಮುಚ್ಚಳ ಎತ್ತಿ ನೋಡಬೇಡಿ.

ಮುಷ್ಟಿ ಗಾತ್ರದ ಎರಡು ಒಣ ಮರದ ತುಂಡು ಸಾಕು, ಶುರುವಿನಲ್ಲೇ ಕೆಂಡದ ಮೇಲಿಡಿ. ತಣ್ಣಗಿನ ಮೈಗೆ ಹೊಗೆ ಚೆನ್ನಾಗಿ ಅಂಟುವುದರಿಂದ ಕೋಳಿ ಫ್ರಿಜ್‌ನಿಂದ ನೇರ ಗ್ರಿಲ್‌ಗೆ ಹೋಗುವುದೇ ಒಳ್ಳೆಯದು. ಹೊರಬರುವ ಹೊಗೆ ದಟ್ಟ ಬಿಳಿಯಾಗಿದ್ದರೆ ಮರ ಸರಿಯಾಗಿ ಉರಿಯದೆ ಉಸಿರುಗಟ್ಟುತ್ತಿದೆ ಎಂದರ್ಥ. ಅದರ ಮಸಿಯಿಂದ ಮಾಂಸ ಕಹಿಯಾಗುತ್ತದೆ. ಗಾಳಿ ಕೊಟ್ಟು ಕಾಯಿರಿ. ಹೊಗೆ ತೆಳುವಾಗಿ, ತುಸು ನೀಲಿಯಾಗಿ ಕಂಡಾಗ ಕೋಳಿ ಇಡಿ. ಮರದ ಲಿಗ್ನಿನ್ ಸುಟ್ಟು ಹುಟ್ಟುವ ಗ್ವಯಕಾಲ್, ಸಿರಿಂಗಾಲ್ ಎಂಬ ಸಂಯುಕ್ತಗಳೇ ನಾವು ಹೊಗೆಯ ಪರಿಮಳ ಎನ್ನುವುದರ ಮುಖ್ಯ ಪಾಲು.

ಯಾವ ಮರ? ಕೋಳಿಗೆ ಸೇಬು, ಚೆರ್ರಿ, ಪೆಕಾನ್ ಹಿತವಾದವು. ಹಿಕರಿ ಗಡಸು, ಒಂದೇ ತುಂಡು ಹಾಕಿ. ಟೆಕ್ಸಸ್‌ನ ಮೆಸ್ಕೀಟ್ ಇನ್ನೂ ಉಗ್ರ. ಆ ಮೆಸ್ಕೀಟ್‌ನ ಮುಳ್ಳು, ಎಲೆ, ಕಾಯಿ ನೋಡಿ ನಿಮಗೆ ಊರು ನೆನಪಾದರೆ ತಪ್ಪಲ್ಲ. ನಮ್ಮ ಬಳ್ಳಾರಿ ಜಾಲಿ ಅದರ ಹತ್ತಿರದ ದಾಯಾದಿ. ಅಮೆರಿಕ ಖಂಡದ ಆ ಗಿಡವನ್ನು ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷರ ಕಾಲದ ಅರಣ್ಯಾಧಿಕಾರಿಗಳು ಸೌದೆಗೆಂದು ಭಾರತಕ್ಕೆ ತಂದರು. ಈಗ ಅದು ನಮ್ಮ ಬಯಲುಸೀಮೆಯ ಕೆರೆಯಂಗಳ, ಗೋಮಾಳಗಳನ್ನೆಲ್ಲ ನುಂಗಿ ಕೂತಿದೆ, ಅದರಿಂದ ಇದ್ದಿಲು ಸುಟ್ಟು ಬದುಕುವವರೂ ಇದ್ದಾರೆ. ಊರಿನಲ್ಲಿರುವ ಓದುಗರು ಇದನ್ನು ಮಾಡಿ ನೋಡುವುದಾದರೆ ಬಳ್ಳಾರಿ ಜಾಲಿಯ ಇದ್ದಿಲಿನ ಮೇಲೆ ಚೆನ್ನಾಗಿ ಒಣಗಿದ ಮಾವು ಅಥವಾ ಸೀಬೆಯ ತುಂಡು ಇಡಲಿ. ಬಣ್ಣ ಬಳಿದ ಹಲಗೆ, ಪ್ಲೈವುಡ್, ಅಂಟು ಸೋರುವ ಪೈನ್ ಎಲ್ಲೂ ಬೇಡ. ಹೆಸರು ಗೊತ್ತಿಲ್ಲದ ಗಿಡದ ಕಡ್ಡಿಯೂ ಬೇಡ, ಕಣಗಿಲೆಯಂಥವು ವಿಷ.

ಈಗ ಈ ಪತ್ರದಲ್ಲಿ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ಮಾತು. ಗಡಿಯಾರ ನೋಡಿ ಕೋಳಿ ಇಳಿಸಬೇಡಿ, ಬಣ್ಣ ನೋಡಿಯೂ ಇಳಿಸಬೇಡಿ. ಹದಿನೈದು ಡಾಲರ್‌ನ ಡಿಜಿಟಲ್ ಥರ್ಮಾಮೀಟರ್ ಕೊಳ್ಳಿ. ತೊಡೆಯ ದಪ್ಪ ಭಾಗಕ್ಕೆ, ಮೂಳೆಗೆ ತಾಗದಂತೆ ಚುಚ್ಚಿ. ಎದೆಯ ನಡುವೆಯೂ ಚುಚ್ಚಿ. ಎರಡೂ ಕಡೆ 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 74 ಸೆಲ್ಸಿಯಸ್ ದಾಟಿರಬೇಕು. ಹಿಂದೆ ಇಡೀ ಕೋಳಿಗೆ 180 ಎನ್ನುತ್ತಿದ್ದ ಅಮೆರಿಕದ ಕೃಷಿ ಇಲಾಖೆ 2006ರಲ್ಲಿ ಕೋಳಿಯ ಎಲ್ಲ ಭಾಗಕ್ಕೂ ಒಂದೇ ಮಿತಿಯಾಗಿ 165 ಎಂದು ನಿಗದಿಮಾಡಿತು. ತೊಡೆ 175ರವರೆಗೆ ಹೋದರೆ ಇನ್ನೂ ಮೆತ್ತಗಾಗುತ್ತದೆ, ಕೆಡುವುದಿಲ್ಲ. ಎದೆ ಮಾತ್ರ 165ರಿಂದ ಬಹಳ ಮೇಲೇರಿದರೆ ಒಣಗುತ್ತದೆ.

ಇದನ್ನು ಇಷ್ಟು ಒತ್ತುವುದಕ್ಕೆ ಕಾರಣ ಹೊಗೆಯ ಕೋಳಿಯ ಕೆಂಪು. ಕೊಯ್ದಾಗ ಚರ್ಮದಡಿ ಗುಲಾಬಿ ಬಣ್ಣದ ಪದರ ಕಾಣುತ್ತದೆ. ಮನೆಯ ಹಿರಿಯರು ಅದನ್ನು ನೋಡಿ, “ಅಯ್ಯೋ, ಬೆಂದಿಲ್ಲ” ಎಂದು ತಟ್ಟೆ ಸರಿಸುತ್ತಾರೆ. ಅದು ಹಸಿಯಲ್ಲ. ಉರಿಯುವ ಮರದಿಂದ ಬರುವ ನೈಟ್ರಿಕ್ ಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್ ಅನಿಲಗಳು ಮಾಂಸದ ಮಯೋಗ್ಲೋಬಿನ್ ಜೊತೆ ಕೂಡಿ ಬಣ್ಣವನ್ನು ಹಾಗೆಯೇ ಕಟ್ಟಿಹಾಕುತ್ತವೆ. ಮೂಳೆಯ ಬುಡದ ಕೆಂಪು, ಎಳೆಯ ಕೋಳಿಯ ತೆಳು ಮೂಳೆಯಿಂದ ಹೊರಬಂದ ಮಜ್ಜೆಯ ಬಣ್ಣ. ಥರ್ಮಾಮೀಟರ್ 165 ತೋರಿಸಿದ್ದರೆ ಧೈರ್ಯವಾಗಿ ಬಡಿಸಿ. ಇದಕ್ಕೆ ವಿರುದ್ಧವಾದದ್ದೂ ನಿಜ: ಹೊಗೆ ಕೊಟ್ಟ ಜೇನುಗಂದು ಚರ್ಮ ಒಳಗಿನ ಹಸಿಯನ್ನು ಮುಚ್ಚಿಡಬಲ್ಲದು. ಮಕ್ಕಳು, ಬಸುರಿಯರು, ವಯಸ್ಸಾದ ಅಪ್ಪ ಅಮ್ಮ ಕೂತು ಉಣ್ಣುವ ಪಂಕ್ತಿಯಲ್ಲಿ ಅಂದಾಜು ಕೆಲಸಕ್ಕೆ ಬಾರದು. ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಹೊರಗೆ 90 ಡಿಗ್ರಿ ಮೀರಿದ ಬಿಸಿಲಿದ್ದರೆ ಒಂದೇ ಗಂಟೆಯೊಳಗೆ.

ಇಳಿಸಿದ ಮೇಲೆ ಹತ್ತು ಹದಿನೈದು ನಿಮಿಷ ಸುಮ್ಮನೆ ಬಿಡಿ. ಆ ಹೊತ್ತಿನಲ್ಲಿ ಜೊತೆಗೆ ನಂಜಿಕೊಳ್ಳಲು ಏನಾದರೂ ಕಲಸಬಹುದು. ಅಲಬಾಮಾದ ಡೆಕೇಟರ್ ಊರಿನಲ್ಲಿ ಬಾಬ್ ಗಿಬ್ಸನ್ ಎಂಬ ರೈಲ್ವೆ ಕೆಲಸಗಾರ ವಾರಾಂತ್ಯಗಳಲ್ಲಿ ತನ್ನ ಹಿತ್ತಿಲಲ್ಲೇ ಮಾಂಸ ಬೇಯಿಸಿ ನೆರೆಹೊರೆಗೆ ಬಡಿಸುತ್ತಿದ್ದ. 1925ರ ಸುಮಾರಿಗೆ ಅದೇ ಅವನ ಕಸುಬಾಯಿತು. ಹಿಕರಿ ಹೊಗೆಯಲ್ಲಿ ಬೆಂದ ಕೋಳಿಯನ್ನು ಅವನು ಬಿಳಿ ಸಾಸ್‌ನಲ್ಲಿ ಮುಳುಗಿಸಿ ತೆಗೆಯುತ್ತಿದ್ದ: ಮೆಯೊನೇಸ್, ವಿನೆಗರ್, ಕಾಳುಮೆಣಸು. ಉತ್ತರ ಅಲಬಾಮಾದಲ್ಲಿ ಇವತ್ತಿಗೂ ಹೊಗೆಯ ಕೋಳಿ ಎಂದರೆ ಆ ಸಾಸ್ ಬೇಕು. ಅದರ ತರ್ಕ ನಮಗೆ ಹೊಸದಲ್ಲ. ಹೊಗೆಯ ಗಡಸಿಗೆ ಹುಳಿ ಮತ್ತು ಮೆಣಸಿನ ಘಾಟು ಬೇಕು, ಒಂದಿಷ್ಟು ಜಿಡ್ಡು ಅದನ್ನು ಹಿಡಿದಿಡಬೇಕು. ನಾನು ಗಟ್ಟಿ ಮೊಸರಿಗೆ ನಿಂಬೆರಸ, ಅರೆದ ಸಾಸಿವೆ, ದಪ್ಪಗೆ ಕುಟ್ಟಿದ ಕಾಳುಮೆಣಸು ಸೇರಿಸುತ್ತೇನೆ. ಪಕ್ಕದಲ್ಲಿ ಸೌತೆಕಾಯಿ ಕೋಸಂಬರಿ, ಅಕ್ಕಿರೊಟ್ಟಿ ಅಥವಾ ಅನ್ನ. ಬೇಸಿಗೆಯ ಊಟಕ್ಕೆ ಇನ್ನೇನೂ ಬೇಡ.

ಸಸ್ಯಾಹಾರಿಗಳಿರುವ ಮನೆಯಲ್ಲಿ ಅದೇ ಕೆಂಡವನ್ನು ಅವರಿಗೆ ಮೊದಲು ಕೊಡಿ. ಬೇರೆ ಜಾಲರಿ, ಬೇರೆ ಇಕ್ಕಳ ಇಟ್ಟುಕೊಂಡು, ಕೋಳಿ ಏರುವ ಮುನ್ನ ಇಡೀ ಗುಂಡು ಬದನೆಕಾಯಿಯನ್ನು ಕೆಂಡದ ಮೇಲೆ ಸುಟ್ಟು ತೆಗೆದಿಡಿ. ಆ ಸುಟ್ಟ ಬದನೆಕಾಯಿ ಗೊಜ್ಜಿಗೆ ಗ್ಯಾಸ್ ಒಲೆಯಲ್ಲಿ ಬಾರದ ರುಚಿ ಬರುತ್ತದೆ.

ಮಾರನೇ ದಿನದ ಲಾಭವನ್ನು ಹೇಳದಿದ್ದರೆ ಅರ್ಧ ಮಾತು ಬಿಟ್ಟಂತೆ. ಬಿಡಿಸಿದ ಮಾಂಸ ಮೂರು ನಾಲ್ಕು ದಿನ ಫ್ರಿಜ್‌ನಲ್ಲಿರುತ್ತದೆ. ಈರುಳ್ಳಿ, ಹಸಿಮೆಣಸು, ನಿಂಬೆ ಹಿಂಡಿ ಕಲಸಿದರೆ ಮಕ್ಕಳ ಡಬ್ಬಿಗೆ ಚಪಾತಿಯ ಸುರುಳಿ ತಯಾರು. ಮೂಳೆಗೂಡನ್ನು ಎಸೆಯಬೇಡಿ. ಅದನ್ನು ಮುರಿದು, ಒಂದು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ ಹಾಕಿ ಸಣ್ಣ ಉರಿಯಲ್ಲಿ ಒಂದು ಗಂಟೆ ಕುದಿಸಿ ಸೋಸಿ. ಆ ನೀರಿಗೆ ಮೆಣಸು ಜೀರಿಗೆ ಕುಟ್ಟಿ ಹಾಕಿ, ಹುಣಸೆ ಹಿಂಡಿ, ತುಪ್ಪದ ಒಗ್ಗರಣೆ ಕೊಟ್ಟರೆ ಬರುವ ಸಾರಿನಲ್ಲಿ ಊರಿನ ಸುಟ್ಟ ನಾಟಿ ಕೋಳಿಯ ನಂಟು ನಾಲಿಗೆಗೆ ಸಿಗುತ್ತದೆ. ಮೂಳೆಯಿಲ್ಲದ ಎದೆಮಾಂಸದ ಪೊಟ್ಟಣ ಇದನ್ನು ಯಾವತ್ತೂ ಕೊಡಲಾರದು.

ಅಪಾರ್ಟ್‌ಮೆಂಟ್‌ನಲ್ಲಿರುವವರಿಗೆ: ಮರದ ಬಾಲ್ಕನಿಯಲ್ಲಿ ಇದನ್ನು ಮಾಡಬೇಡಿ. ಹೆಚ್ಚಿನ ಊರುಗಳ ಅಗ್ನಿ ನಿಯಮ ಉರಿಯಬಲ್ಲ ಕಟ್ಟಡದಿಂದ ಹತ್ತು ಅಡಿಯೊಳಗೆ ಇದ್ದಿಲಿನ ಗ್ರಿಲ್ ಹಚ್ಚಲು ಬಿಡುವುದಿಲ್ಲ. ಮಳೆ ಬಂತೆಂದು ಗ್ಯಾರೇಜಿನೊಳಗೆ ಎಳೆದುಕೊಳ್ಳುವುದಂತೂ ಕೂಡದು. ಕೆಂಡದ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಜೀವ ತೆಗೆಯುತ್ತದೆ. ನಿಮಗೆ ಪಾರ್ಕುಗಳಿವೆ. ಇದ್ದಿಲಿನ ಗ್ರಿಲ್ ತರಲು ಅನುಮತಿಯಿರುವ ಪಾರ್ಕಿಗೆ ಒಂದು ಸಣ್ಣ ಕೆಟಲ್ ಕೊಂಡೊಯ್ಯಿರಿ. ಗ್ಯಾಸ್ ಗ್ರಿಲ್ ಮಾತ್ರ ಇರುವವರು ಒಂದು ಬದಿಯ ಬರ್ನರ್ ಹಚ್ಚಿ, ಮರದ ಚಕ್ಕೆಯನ್ನು ಫಾಯಿಲ್‌ನಲ್ಲಿ ಸುತ್ತಿ ಎರಡು ತೂತು ಮಾಡಿ ಅದರ ಮೇಲಿಟ್ಟು, ಕೋಳಿಯನ್ನು ಆರಿದ ಬದಿಯಲ್ಲಿಡಬಹುದು. ರುಚಿ ಸ್ವಲ್ಪ ತೆಳು, ಆದರೂ ಮಾಡುವಂಥದ್ದೇ.

ಕೊನೆಯದಾಗಿ ನಮ್ಮ ಕನ್ನಡ ಕೂಟದ ಬೇಸಿಗೆ ಪಿಕ್ನಿಕ್‌ನ ವಿಚಾರ. ಪ್ರತಿಸಲ ಹೋಟೆಲಿನಿಂದ ಬರುವ ಅಲ್ಯೂಮಿನಿಯಂ ಟ್ರೇಗಳು ಪಾರ್ಕ್ ಸೇರುವ ಹೊತ್ತಿಗೆ ಆರಿರುತ್ತವೆ. ಈ ಸಲ ಮಾಂಸದ ಪಂಕ್ತಿಯ ಹೊಣೆಯನ್ನು ನಮಗೆ ಬಿಡಿ ಎಂದು ಸಮಿತಿಯವರನ್ನು ಕೇಳುತ್ತಿದ್ದೇನೆ. ಹತ್ತು ಮನೆಯವರು ತಮ್ಮ ತಮ್ಮ ಗ್ರಿಲ್ ತಂದರೆ, ಒಂದೊಂದರ ಮೇಲೆ ಎರಡೆರಡು ಕೋಳಿಯಂತೆ, ನೂರು ಜನಕ್ಕೆ ಅಲ್ಲೇ ಬಿಸಿಬಿಸಿ ಬಡಿಸಬಹುದು. ಬದನೆಕಾಯಿಗೆ, ಜೋಳದ ತೆನೆಗೆ ಬೇರೆಯೇ ಎರಡು ಗ್ರಿಲ್ ಇರಲಿ. ಮರದ ತುಂಡು, ಥರ್ಮಾಮೀಟರ್ ನನ್ನ ಕಡೆಯಿಂದ. ಬರುವವರು ಹಿಂದಿನ ರಾತ್ರಿ ಕೋಳಿಗೆ ಉಪ್ಪು ಹಚ್ಚಿ, ಪಾರ್ಕ್ ಸೇರುವವರೆಗೆ ಐಸ್ ಡಬ್ಬಿಯಲ್ಲಿಟ್ಟು ತನ್ನಿ.

ಇಂತಿ ನಿಮ್ಮ,
ಟೆಕ್ಸಸ್‌ನ ಒಬ್ಬ ಕನ್ನಡತಿ